ಪುರಾತನ ಮೋಟಾರು ವಾಹನಗಳು ಮತ್ತು ಮುಂಬಯಿಯ ಆರ್ಥಿಕ ಜೀವನ

ಮೋಟಾರು ವಾಹನವೊಂದು ಕಾರ್ಖಾನೆಯಿಂದ ಹೊರಬಿದ್ದ ದಿನದಿಂದಲೇ ಅದರ ಬೆಲೆ ಇಳಿಯತೊಡಗುತ್ತದೆ. ವರ್ಷಗಳು ಉರುಳಿದಂತೆ ಅದು ಕೈಯಿಂದ ಕೈಗೆ ದಾಟಿ, ಕೊನೆಗೆ ಗುಜರಿ ಅಂಗಡಿಯ ತಕ್ಕಡಿಗೆ ಬರುತ್ತದೆ. ಬಹುಪಾಲು ವಾಹನಗಳ ಗತಿ ಇದೇ. ಆದರೆ ಕೆಲವೇ ಕೆಲವು ವಾಹನಗಳು ಈ ನಿಯಮವನ್ನು ಮೀರಿ ಉಳಿದುಕೊಳ್ಳುತ್ತವೆ. ಅವುಗಳಿಗೆ ವಯಸ್ಸಾದಷ್ಟೂ ಬೆಲೆ ಹೆಚ್ಚುತ್ತದೆ. ಜನಬಳಕೆಯಲ್ಲಿ ವಿಂಟೇಜ್ ಅಥವಾ ಕ್ಲಾಸಿಕ್ ಎಂದು ಕರೆಯಲಾಗುವ ಇಂಥ ವಾಹನಗಳನ್ನು ಶ್ರೀಮಂತರ ಹವ್ಯಾಸದ ವಸ್ತುಗಳೆಂದು ಭಾವಿಸುವುದು ವಾಡಿಕೆ. ಆ ಹವ್ಯಾಸದ ಬೆನ್ನ ಹಿಂದೆ ತಗಡು ಬಡಿಯುವವರು, ಲೇತ್ ಕೆಲಸಗಾರರು, ಸೀಟು ಹೊಲಿಯುವವರು, ಬಿಡಿಭಾಗಗಳ ವ್ಯಾಪಾರಿಗಳು, ಚಾಲಕರು ಹಾಗೂ ಚಲನಚಿತ್ರಗಳಿಗೆ ವಾಹನ ಒದಗಿಸುವವರು ಜೀವನೋಪಾಯ ಕಂಡುಕೊಂಡಿರುವುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ಮುಂಬಯಿ ನಗರ ಮತ್ತು ಅದರ ಉಪನಗರಗಳಲ್ಲಿ ಈ ವ್ಯವಹಾರ ಹೇಗೆ ನಡೆಯುತ್ತದೆ, ಅದರಿಂದ ಯಾರಿಗೆ ದುಡಿಮೆ ದೊರೆಯುತ್ತದೆ, ಅದಕ್ಕೆ ಇರುವ ಕಾನೂನಿನ ಮಿತಿಗಳೇನು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಮುಂಬಯಿಯ ಮೋಟಾರು ಪರಂಪರೆ

ಭಾರತದ ರಸ್ತೆಗಳಿಗೆ ಮೋಟಾರು ಕಾರು ಬಂದದ್ದು 19ನೆಯ ಶತಮಾನದ ಕೊನೆಯ ವರ್ಷಗಳಲ್ಲಿ. ಬಂದರು ನಗರವಾದ ಮುಂಬಯಿ ಹಡಗಿನಿಂದಿಳಿಯುವ ಕಾರುಗಳಿಗೆ ಹೆಬ್ಬಾಗಿಲಾಯಿತು. ಬೇರೆಡೆ ಬಿಡಿಭಾಗಗಳಾಗಿ ತಯಾರಾದ ಕಾರುಗಳನ್ನು ಇಲ್ಲಿ ಜೋಡಿಸುವ ಕೆಲಸವೂ ಬೇಗನೆ ಆರಂಭವಾಯಿತು. ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯು 1928ರಲ್ಲಿ ಶಿವಡಿಯಲ್ಲಿ ಜೋಡಣಾ ಕಾರ್ಖಾನೆಯನ್ನು ತೆರೆಯಿತು. ಫೋರ್ಡ್ ಸಂಸ್ಥೆಯೂ ಅದೇ ಹಾದಿ ಹಿಡಿಯಿತು. ದೇಶದಲ್ಲೇ ಹಂತಹಂತವಾಗಿ ತಯಾರಿಕೆ ಕೈಗೊಳ್ಳುವ ಸಂಸ್ಥೆಗಳು ಮಾತ್ರ ಮುಂದುವರಿಯಬೇಕೆಂಬ ನೀತಿಯನ್ನು ಭಾರತ ಸರ್ಕಾರ 1953ರಲ್ಲಿ ಅಂಗೀಕರಿಸಿದ ಬಳಿಕ ಈ ವಿದೇಶಿ ಸಂಸ್ಥೆಗಳು ತಮ್ಮ ಜೋಡಣಾ ಕಾರ್ಯವನ್ನು ನಿಲ್ಲಿಸಿದವು.

ಅಷ್ಟರಲ್ಲಿ ಸ್ವದೇಶಿ ಪ್ರಯತ್ನವೂ ಬೇರೂರಿತ್ತು. ಈ ಪ್ರಯತ್ನದೊಂದಿಗೆ ಕರ್ನಾಟಕದ ಹೆಸರು ಸೇರಿಕೊಂಡಿರುವುದು ಗಮನಾರ್ಹ. ಸರ್ ಎಂ. ವಿಶ್ವೇಶ್ವರಯ್ಯನವರು 1930ರ ದಶಕದ ಮಧ್ಯಭಾಗದಲ್ಲಿ ಯುರೋಪ್ ಮತ್ತು ಅಮೆರಿಕಗಳಲ್ಲಿ ಪ್ರವಾಸ ಮಾಡಿ, ಭಾರತದಲ್ಲಿ ಮೋಟಾರು ಕಾರ್ಖಾನೆ ಸ್ಥಾಪಿಸುವ ಯೋಜನೆಯೊಂದನ್ನು ಸಿದ್ಧಪಡಿಸಿದ್ದರು. ಉದ್ಯಮಿ ವಾಲಚಂದ್ ಹೀರಾಚಂದ್ ಅವರು ಇದರಲ್ಲಿ ಆಸಕ್ತಿ ವಹಿಸಿದರಾದರೂ ಅಂದಿನ ಬ್ರಿಟಿಷ್ ಸರ್ಕಾರದ ಬೆಂಬಲ ದೊರೆಯಲಿಲ್ಲ. ಮುಂದೆ 1944ರಲ್ಲಿ ವಾಲಚಂದ್ ಅವರು ಮುಂಬಯಿಯಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಕುರ್ಲಾದ ಅದರ ಕಾರ್ಖಾನೆಯಿಂದ ಮೊದಲು ಡಾಡ್ಜ್, ಪ್ಲೈಮೌತ್‌ಗಳೂ ಅನಂತರ ಫಿಯೆಟ್ ಕಾರುಗಳೂ ಹೊರಬಂದವು. 1945ರಲ್ಲಿ ಆರಂಭವಾದ ಮಹೀಂದ್ರ ಸಂಸ್ಥೆಯು ಮಝಗಾಂವ್‌ನಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಿತು.

ಈ ಕಾರ್ಖಾನೆಗಳಲ್ಲಿ ಮತ್ತು ಅವುಗಳನ್ನು ಆಶ್ರಯಿಸಿದ ಗ್ಯಾರೇಜುಗಳಲ್ಲಿ ಕೆಲಸ ಕಲಿತ ಕಾರ್ಮಿಕರೇ ಇಂದಿನ ಹಳೆಯ ವಾಹನಗಳ ಉದ್ಯಮಕ್ಕೆ ಬುನಾದಿ ಹಾಕಿದವರು. ವಾಹನ ತಯಾರಿಕೆ ನಿಂತುಹೋದರೂ ಅದನ್ನು ದುರಸ್ತಿ ಮಾಡಬಲ್ಲ ಕೈಗಳು ನಗರದಲ್ಲಿ ಉಳಿದವು. ಆ ವಿದ್ಯೆ ತಂದೆಯಿಂದ ಮಗನಿಗೆ, ಮೇಸ್ತ್ರಿಯಿಂದ ಹುಡುಗನಿಗೆ ಇಳಿದುಬಂದಿತು.

ವಿಂಟೇಜ್ ಎಂದರೆ ಯಾವುದು?

ಹಳೆಯದೆಲ್ಲವೂ ವಿಂಟೇಜ್ ಆಗುವುದಿಲ್ಲ. ಪುರಾತನ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 1966ರಲ್ಲಿ ಸ್ಥಾಪನೆಯಾಯಿತು. ಅದರ ಪ್ರಕಾರ ಕನಿಷ್ಠ 30 ವರ್ಷ ಹಳೆಯದಾದ, ಐತಿಹಾಸಿಕವಾಗಿ ಸರಿಯಾದ ಸ್ಥಿತಿಯಲ್ಲಿ ಕಾಪಾಡಲಾದ, ದಿನನಿತ್ಯದ ಓಡಾಟಕ್ಕೆ ಬಳಸದ ವಾಹನವು ಐತಿಹಾಸಿಕ ವಾಹನ ಎನಿಸುತ್ತದೆ. ಸಂಗ್ರಾಹಕರು ಇದರೊಳಗೆ ಕಾಲಕ್ಕನುಗುಣವಾಗಿ ಮತ್ತೆ ವರ್ಗಗಳನ್ನು ಮಾಡಿಕೊಂಡಿದ್ದಾರೆ. ಫೀವಾ ವರ್ಗೀಕರಣದಲ್ಲಿ ವಿಂಟೇಜ್ ಎಂಬ ಹೆಸರು 1919ರಿಂದ 1930ರವರೆಗಿನ ವಾಹನಗಳಿಗೆ ಮಾತ್ರ ಸಲ್ಲುತ್ತದೆ. ಎರಡನೆಯ ಮಹಾಯುದ್ಧದ ನಂತರದ ದಶಕಗಳ ಕಾರುಗಳನ್ನು ಸಾಮಾನ್ಯವಾಗಿ ಕ್ಲಾಸಿಕ್ ಎನ್ನುತ್ತಾರೆ.

ಭಾರತದ ಕಾನೂನಿನ ಅಳತೆಗೋಲು ಬೇರೆ. ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2021ರ ಜುಲೈ ತಿಂಗಳಿನಲ್ಲಿ ಹೊರಡಿಸಿದ ಅಧಿಸೂಚನೆಯ ಮೇರೆಗೆ 50 ವರ್ಷ ಮೀರಿದ, ಮೂಲರೂಪದಲ್ಲಿ ಉಳಿಸಿಕೊಂಡ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳು ವಿಂಟೇಜ್ ವಾಹನಗಳು. ಚಾಸಿಯಲ್ಲಾಗಲಿ, ಹೊರಕವಚದಲ್ಲಾಗಲಿ, ಎಂಜಿನಿನಲ್ಲಾಗಲಿ ಗಣನೀಯ ಮಾರ್ಪಾಡು ಆಗಿರಕೂಡದು. ಹೀಗಾಗಿ ಸಂಗ್ರಾಹಕರ ದೃಷ್ಟಿಯಲ್ಲಿ ಕ್ಲಾಸಿಕ್ ಆದ 35 ವರ್ಷದ ಕಾರೊಂದು ಕಾನೂನಿನ ದೃಷ್ಟಿಯಲ್ಲಿ ಬರಿಯ ಹಳೆಯ ಕಾರಷ್ಟೇ. ಮುಂಬಯಿಯ ವ್ಯಾಪಾರ ಮತ್ತು ಬಾಡಿಗೆಯ ವ್ಯವಹಾರವನ್ನು ತಿಳಿಯಲು ಈ ವ್ಯತ್ಯಾಸವನ್ನು ನೆನಪಿನಲ್ಲಿಟ್ಟುಕೊಳ್ಳುವುದು ಅವಶ್ಯಕ.

ಒಂದು ವಾಹನ, ಹತ್ತು ಕಸುಬು

ಹೊಸ ಕಾರು ಕೆಟ್ಟಾಗ ಅಧಿಕೃತ ಮಾರಾಟಗಾರರ ಕಾರ್ಯಾಗಾರದಲ್ಲಿ ಕೆಟ್ಟ ಭಾಗವನ್ನು ತೆಗೆದು ಹೊಸದನ್ನು ಕೂರಿಸುತ್ತಾರೆ. ಹಳೆಯ ಕಾರಿಗೆ ಈ ಸೌಲಭ್ಯವಿಲ್ಲ. ಅದನ್ನು ತಯಾರಿಸಿದ ಸಂಸ್ಥೆಯೇ ಎಷ್ಟೋ ವೇಳೆ ಮುಚ್ಚಿಹೋಗಿರುತ್ತದೆ. ಆದ್ದರಿಂದ ಬೇಕಾದ ಭಾಗವನ್ನು ಹುಡುಕಬೇಕು, ಸಿಗದಿದ್ದರೆ ಮಾಡಿಸಬೇಕು. ಈ ಉದ್ಯಮದ ಆರ್ಥಿಕ ಮಹತ್ವವೆಲ್ಲ ಇಲ್ಲಿ ಅಡಗಿದೆ.

ತುಕ್ಕು ಹಿಡಿದ ಮಡ್‌ಗಾರ್ಡನ್ನು ಸುತ್ತಿಗೆಯಿಂದ ಬಡಿದು ಮೂಲ ಆಕಾರಕ್ಕೆ ತರುವವನು ಒಬ್ಬ. ಸವೆದ ಬುಷ್ ಮತ್ತು ಪಿನ್ನುಗಳನ್ನು ಲೇತ್ ಯಂತ್ರದಲ್ಲಿ ಕಡೆದು ಕೊಡುವವನು ಇನ್ನೊಬ್ಬ. ಬಂಪರು ಮತ್ತು ದೀಪದ ಬಳೆಗಳಿಗೆ ಕ್ರೋಮ್ ಲೇಪನ ಮಾಡುವವನು, ರಬ್ಬರ್ ಬೀಡಿಂಗ್ ಅಚ್ಚು ಹಾಕುವವನು, ಮರದ ಚೌಕಟ್ಟನ್ನು ಸರಿಪಡಿಸುವ ಬಡಗಿ, ಚರ್ಮದ ಸೀಟು ಹೊಲಿಯುವವನು, 6 ವೋಲ್ಟಿನ ಹಳೆಯ ವಿದ್ಯುತ್ ಜೋಡಣೆಯನ್ನು ಬಲ್ಲ ಎಲೆಕ್ಟ್ರಿಷಿಯನ್, ಕಾರ್ಬ್ಯುರೇಟರನ್ನು ಕಿವಿಯಿಂದಲೇ ಹದಗೊಳಿಸುವ ಮೇಸ್ತ್ರಿ, ಹೀಗೆ ಒಂದು ಕಾರಿನ ಪುನರುಜ್ಜೀವನಕ್ಕೆ ಹತ್ತಾರು ಕಸುಬುದಾರರು ಕೈಹಚ್ಚಬೇಕಾಗುತ್ತದೆ. ಈ ಕೆಲಸ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಸಾಗುತ್ತದೆ. ಯಂತ್ರಕ್ಕಿಂತ ಮಾನವ ಶ್ರಮಕ್ಕೆ ಹೆಚ್ಚಿನ ಪಾಲು ಸಲ್ಲುವುದರಿಂದ, ಮಾಲೀಕನು ಖರ್ಚು ಮಾಡುವ ಹಣದ ದೊಡ್ಡ ಭಾಗ ಕೂಲಿಯಾಗಿ ಸಣ್ಣ ಕಾರ್ಯಾಗಾರಗಳಿಗೆ ಹೋಗುತ್ತದೆ.

ಬಿಡಿಭಾಗಗಳಿಗೆ ನಗರದಲ್ಲಿ ನಿಶ್ಚಿತ ತಾಣಗಳಿವೆ. ಭೇಂಡಿ ಬಜಾರಿನ ಬಳಿಯ ಚೋರ್ ಬಜಾರ್ ಹಳೆಯ ವಸ್ತುಗಳಿಗೆ ಹೆಸರಾದದ್ದು. ಕುರ್ಲಾದ ಸಿ.ಎಸ್.ಟಿ. ರಸ್ತೆಯ ಆಸುಪಾಸಿನಲ್ಲಿ ಕಳಚಿದ ವಾಹನಗಳ ಭಾಗಗಳು ಮಾರಾಟವಾಗುತ್ತವೆ. ಆಪೆರಾ ಹೌಸ್ ಸುತ್ತಲಿನ ಅಂಗಡಿಗಳಲ್ಲಿ ಮೋಟಾರು ಬಿಡಿಭಾಗಗಳ ವ್ಯಾಪಾರ ದೀರ್ಘಕಾಲದಿಂದ ನಡೆದುಬಂದಿದೆ. ಗುಜರಿಯವನಿಗೆ ಕಬ್ಬಿಣದ ತೂಕವಾಗಿ ಕಂಡ ದೀಪದ ಜೋಡಿಯೊಂದು, ಅದರ ಗುರುತು ಹಿಡಿಯಬಲ್ಲ ವ್ಯಾಪಾರಿಯ ಕೈಗೆ ಬಂದೊಡನೆ ಹಲವು ಪಟ್ಟು ಬೆಲೆ ಪಡೆಯುತ್ತದೆ. ಆ ವ್ಯಾಪಾರಿಯ ಬಂಡವಾಳವೆಂದರೆ ಅವನ ಜ್ಞಾಪಕಶಕ್ತಿ.

ಮುಂಬಯಿಯ ಹವೆಯೂ ಈ ಕೆಲಸದ ಮೇಲೆ ಪ್ರಭಾವ ಬೀರುತ್ತದೆ. ಸಮುದ್ರದ ಉಪ್ಪುಗಾಳಿ ಮತ್ತು 4 ತಿಂಗಳ ಮಳೆ ತಗಡಿಗೆ ಶತ್ರುಗಳು. ಮಳೆಗಾಲದಲ್ಲಿ ವಾಹನಗಳು ಹೊದಿಕೆಯಡಿ ನಿಲ್ಲುತ್ತವೆ. ಆಗ ದುರಸ್ತಿಯ ಕೆಲಸ ನಡೆಯುತ್ತದೆ. ಚಳಿಗಾಲದಲ್ಲಿ ಪ್ರದರ್ಶನ ಮತ್ತು ಮದುವೆಗಳ ಹಂಗಾಮು. ಇತ್ತೀಚೆಗೆ ಬಳಕೆಗೆ ಬಂದಿರುವ ಶೇ. 20 ಎಥನಾಲ್ ಮಿಶ್ರಿತ ಪೆಟ್ರೋಲು ಹಳೆಯ ರಬ್ಬರ್ ಕೊಳವೆ ಮತ್ತು ಗ್ಯಾಸ್ಕೆಟ್‌ಗಳಿಗೆ ಒಗ್ಗುವುದಿಲ್ಲವಾದ್ದರಿಂದ ಅವುಗಳನ್ನು ಬದಲಿಸುವ ಹೊಸ ಕೆಲಸವೂ ಸೇರಿಕೊಂಡಿದೆ.

ಕ್ರಯ-ವಿಕ್ರಯ

ಹಳೆಯ ಕಾರುಗಳ ವ್ಯಾಪಾರವು ಸಾಮಾನ್ಯ ಸೆಕೆಂಡ್ ಹ್ಯಾಂಡ್ ಕಾರುಗಳ ವ್ಯಾಪಾರಕ್ಕಿಂತ ಭಿನ್ನವಾದುದು. ಇಲ್ಲಿ ಬೆಲೆಯನ್ನು ನಿರ್ಧರಿಸುವ ಅಂಶಗಳು ನಾಲ್ಕು: ವಾಹನದ ಅಪರೂಪತೆ, ಮೂಲರೂಪ, ಹಿಂದಿನ ಮಾಲೀಕರ ಇತಿಹಾಸ ಮತ್ತು ಕಾಗದಪತ್ರಗಳ ಕ್ರಮಬದ್ಧತೆ. ಇವುಗಳಲ್ಲಿ ಕೊನೆಯದೇ ಎಷ್ಟೋ ವೇಳೆ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ನೋಂದಣಿ ಪುಸ್ತಕ ಕಳೆದುಹೋದ, ಮೃತ ಮಾಲೀಕನ ಹೆಸರಿನಲ್ಲೇ ಉಳಿದ, ಚಾಸಿ ಸಂಖ್ಯೆ ಹೊಂದಿಕೆಯಾಗದ ಕಾರು ಎಷ್ಟೇ ಸುಂದರವಾಗಿದ್ದರೂ ಕೊಳ್ಳುವವನಿಗೆ ಅಪಾಯಕಾರಿ.

ರಾಜಮಹಾರಾಜರ ರಾಜಧನವು 1971ರಲ್ಲಿ ರದ್ದಾದ ಕಾಲದಲ್ಲಿ ಅನೇಕ ಸಂಸ್ಥಾನಗಳ ಕಾರುಗಳು ಮಾರಾಟವಾದವು; ಬೆಲೆಬಾಳುವ ಹಲವು ವಾಹನಗಳು ವಿದೇಶಿ ಸಂಗ್ರಾಹಕರ ಪಾಲಾದವು. ಈ ಸೋರಿಕೆಯನ್ನು ತಡೆಯಲು 1950ಕ್ಕಿಂತ ಮುಂಚಿನ ಕಾರುಗಳ ರಫ್ತಿನ ಮೇಲೆ ನಿರ್ಬಂಧ ವಿಧಿಸಲಾಯಿತು. ಇದರಿಂದಾಗಿ ಅಂಥ ವಾಹನಗಳೂ ಅವುಗಳ ಮೇಲಣ ದುಡಿಮೆಯೂ ದೇಶದಲ್ಲೇ ಉಳಿದವು. ಆಮದಿನ ವಿಷಯದಲ್ಲಿ 2025ರಲ್ಲಿ ನಿಯಮವನ್ನು ಸಡಿಲಿಸಿ, 50 ವರ್ಷ ಮೀರಿದ ವಾಹನಗಳನ್ನು ತರಿಸಿಕೊಳ್ಳಲು ಅವಕಾಶ ನೀಡಲಾಯಿತು. ಅದಕ್ಕೂ ಮೊದಲು ಈ ಅವಕಾಶ 1950ಕ್ಕಿಂತ ಮುಂಚೆ ತಯಾರಾದವುಗಳಿಗೆ ಸೀಮಿತವಾಗಿತ್ತು.

ತೆರಿಗೆಯ ಮೂಲಕವೂ ಈ ವ್ಯಾಪಾರ ಸರ್ಕಾರದ ಬೊಕ್ಕಸಕ್ಕೆ ಪಾಲು ಸಲ್ಲಿಸುತ್ತದೆ. 2024ರ ಡಿಸೆಂಬರ್‌ನಲ್ಲಿ ಜಿ.ಎಸ್.ಟಿ. ಮಂಡಳಿ ಕೈಗೊಂಡ ತೀರ್ಮಾನದಂತೆ, ನೋಂದಾಯಿತ ವ್ಯಾಪಾರಿಯು ಹಳೆಯ ವಾಹನವನ್ನು ಮಾರಿದಾಗ ತನಗೆ ದೊರೆತ ಲಾಭಾಂಶದ ಮೇಲೆ ಶೇ. 18ರಷ್ಟು ತೆರಿಗೆ ತೆರಬೇಕು. ನಷ್ಟಕ್ಕೆ ಮಾರಿದರೆ ತೆರಿಗೆಯಿಲ್ಲ. ಒಬ್ಬ ಖಾಸಗಿ ವ್ಯಕ್ತಿ ತನ್ನ ಸ್ವಂತ ಕಾರನ್ನು ಇನ್ನೊಬ್ಬನಿಗೆ ಮಾರುವುದಕ್ಕೆ ಇದು ಅನ್ವಯಿಸುವುದಿಲ್ಲ. ಜೊತೆಗೆ, ಖಾಸಗಿ ವಾಹನದ ನೋಂದಣಿಯನ್ನು 15 ವರ್ಷಗಳ ಬಳಿಕ ಪ್ರತಿ 5 ವರ್ಷಕ್ಕೊಮ್ಮೆ ನವೀಕರಿಸಬೇಕಾಗಿದ್ದು, ಮಹಾರಾಷ್ಟ್ರದಲ್ಲಿ ಪರಿಸರ ತೆರಿಗೆಯೂ ಸೇರುತ್ತದೆ.

ಬಾಡಿಗೆಯ ವ್ಯವಹಾರ

ಕ್ರಯ-ವಿಕ್ರಯದಲ್ಲಿ ಹಣ ಒಮ್ಮೆ ಕೈಬದಲಾಗುತ್ತದೆ; ಬಾಡಿಗೆಯಲ್ಲಿ ಅದು ಮತ್ತೆ ಮತ್ತೆ ಹರಿಯುತ್ತದೆ. ಮುಂಬಯಿಯಲ್ಲಿ ಹಳೆಯ ವಾಹನಗಳನ್ನು ಬಾಡಿಗೆಗೆ ಪಡೆಯುವವರು ಮುಖ್ಯವಾಗಿ ಮೂರು ವರ್ಗದವರು: ಚಲನಚಿತ್ರ ಮತ್ತು ಜಾಹೀರಾತು ನಿರ್ಮಾಪಕರು, ಮದುವೆಯ ಮನೆಯವರು ಹಾಗೂ ಸಮಾರಂಭಗಳ ವ್ಯವಸ್ಥಾಪಕರು.

ಹಿಂದಿ ಚಿತ್ರರಂಗಕ್ಕೂ ಮೋಟಾರು ಕಾರಿಗೂ ಇರುವ ನಂಟು ಹಳೆಯದು. 1958ರ 'ಚಲ್ತೀ ಕಾ ನಾಮ್ ಗಾಡಿ' ಚಿತ್ರದಲ್ಲಿ ಮೋಟಾರು ಗ್ಯಾರೇಜು ನಡೆಸುವ ಅಣ್ಣತಮ್ಮಂದಿರ ಕಥೆಯಿದೆ. ಹಳೆಯ ಕಾರೊಂದು ಅದರಲ್ಲಿ ಪಾತ್ರವೇ ಆಗಿದೆ. ಗತಕಾಲವನ್ನು ತೋರಿಸುವ ಯಾವುದೇ ಚಿತ್ರ ಅಥವಾ ಧಾರಾವಾಹಿಗೆ ಆಯಾ ಕಾಲದ ಕಾರು, ಬಸ್ಸು, ಸ್ಕೂಟರುಗಳು ಬೇಕೇ ಬೇಕು. ಗೋರೆಗಾಂವ್‌ನ ಚಿತ್ರನಗರಿ ಮತ್ತು ಉಪನಗರಗಳ ಸ್ಟುಡಿಯೋಗಳಿಗೆ ಇವುಗಳನ್ನು ಒದಗಿಸುವುದೇ ಕೆಲವರ ವೃತ್ತಿ. ಒಂದು ದಿನದ ಚಿತ್ರೀಕರಣಕ್ಕೆ ಕಾರು ಹೊರಟಿತೆಂದರೆ ಅದರೊಡನೆ ಅದರ ಗುಣ ಬಲ್ಲ ಚಾಲಕನೂ ಮೇಸ್ತ್ರಿಯೂ ಹೊರಡುತ್ತಾರೆ. ದೂರದ ಸ್ಥಳವಾದರೆ ಕಾರನ್ನು ಹೊತ್ತೊಯ್ಯುವ ಟ್ರಕ್ಕು ಬೇಕು. ಹೀಗೆ ಬಾಡಿಗೆಯ ಹಣ ಮಾಲೀಕನಲ್ಲೇ ನಿಲ್ಲದೆ ಹಲವರಿಗೆ ಹಂಚಿಕೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ನಿಂತಲ್ಲೇ ನಿಂತು ಹಾಳಾಗಬಹುದಾಗಿದ್ದ ವಾಹನದ ನಿರ್ವಹಣಾ ವೆಚ್ಚ ಅದರಿಂದಲೇ ಹುಟ್ಟುತ್ತದೆ.

ಅನುಕೂಲಗಳಿಲ್ಲದಿದ್ದರೆ ಈ ಆದಾಯ ಬೇರೆಡೆಗೆ ಹರಿದುಹೋಗುವುದೂ ಉಂಟು. ಕೆಲವು ದಶಕಗಳ ಹಿಂದಿನ ಮುಂಬಯಿಯ ಕಥೆ ಹೇಳುವ 'ಬಾಂಬೆ ವೆಲ್ವೆಟ್' ಚಿತ್ರ 2015ರಲ್ಲಿ ತೆರೆಕಂಡಿತು. ಅದಕ್ಕಾಗಿ ಹಳೆಯ ಮುಂಬಯಿಯ ಬೀದಿಗಳನ್ನು ನಿರ್ಮಿಸಿದ್ದು ಶ್ರೀಲಂಕೆಯಲ್ಲಿ.

ಕಾನೂನಿನ ಚೌಕಟ್ಟು

ಬಾಡಿಗೆಯ ವ್ಯವಹಾರದಲ್ಲಿ ತೊಡಗಿದವರು ತಪ್ಪದೆ ತಿಳಿದಿರಬೇಕಾದ ಸಂಗತಿಯೊಂದಿದೆ. 2021ರ ನಿಯಮಗಳು ವಿಂಟೇಜ್ ವಾಹನಗಳಿಗೆ ಪ್ರತ್ಯೇಕ ನೋಂದಣಿಯ ಗೌರವ ನೀಡಿದವು. ಹೊಸ ನೋಂದಣಿಗೆ ಶುಲ್ಕ ರೂ. 20,000, ಅದು 10 ವರ್ಷಗಳವರೆಗೆ ಊರ್ಜಿತ. ಅನಂತರದ ಮರುನೋಂದಣಿಗೆ ರೂ. 5,000. ರಾಜ್ಯ ಮಟ್ಟದ ಸಮಿತಿಯು ವಾಹನವನ್ನು ಪರಿಶೀಲಿಸಿ ಅದು ವಿಂಟೇಜ್ ಹೌದೆಂದು ಒಪ್ಪಬೇಕು. ಹೊಸದಾಗಿ ನೋಂದಾಯಿತವಾದ ವಾಹನದ ಸಂಖ್ಯಾಫಲಕದಲ್ಲಿ ರಾಜ್ಯದ ಸಂಕೇತದ ನಂತರ 'ವಿ.ಎ.' ಎಂಬ ಅಕ್ಷರಗಳಿರುತ್ತವೆ. ಈಗಾಗಲೇ ನೋಂದಣಿ ಹೊಂದಿರುವ ವಾಹನವು ತನ್ನ ಮೂಲ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಮುಂಬಯಿಯ ಹಳೆಯ ಕಾರುಗಳ ಸಂಖ್ಯೆಗಳಿಗೂ ಐತಿಹಾಸಿಕ ಮೌಲ್ಯವಿರುವುದರಿಂದ ಸಂಗ್ರಾಹಕರಿಗೆ ಇದು ಸಮಾಧಾನ ತಂದಿತು.

ಆದರೆ ಈ ಗೌರವದೊಂದಿಗೆ ಒಂದು ಕಟ್ಟುಪಾಡೂ ಇದೆ. ಹೀಗೆ ನೋಂದಾಯಿತವಾದ ವಾಹನವನ್ನು ನಿತ್ಯದ ಓಡಾಟಕ್ಕಾಗಲಿ ವಾಣಿಜ್ಯ ಉದ್ದೇಶಕ್ಕಾಗಲಿ ರಸ್ತೆಯ ಮೇಲೆ ಓಡಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿ, ಇವುಗಳಿಗೆ ಮಾತ್ರ ಅವಕಾಶ. ಅಂದರೆ ವಿಂಟೇಜ್ ಎಂಬ ಮಾನ್ಯತೆ ಪಡೆದ ಕಾರು ಮದುವೆಯ ದಿಬ್ಬಣಕ್ಕೆ ಬಾಡಿಗೆಗೆ ಹೋಗಲಾರದು.

ಇತರ ಹಳೆಯ ಕಾರುಗಳಿಗೂ ಮೋಟಾರು ವಾಹನಗಳ ಅಧಿನಿಯಮ, 1988 ಅನ್ವಯಿಸುತ್ತದೆ. ಜನರನ್ನು ಬಾಡಿಗೆಗೆ ಕರೆದೊಯ್ಯುವ ವಾಹನಕ್ಕೆ ಪರವಾನಗಿ ಮತ್ತು ಹಳದಿ ಸಂಖ್ಯಾಫಲಕ ಬೇಕು. ಬಿಳಿ ಫಲಕದ ಖಾಸಗಿ ಕಾರನ್ನು ಹಾಗೆ ಬಳಸುವುದು ದಂಡಾರ್ಹ; ಅಪಘಾತವಾದಲ್ಲಿ ವಿಮಾ ಪರಿಹಾರಕ್ಕೂ ತೊಡಕಾಗಬಹುದು. ಇನ್ನು 1989ರ ರೆಂಟ್-ಎ-ಕ್ಯಾಬ್ ಯೋಜನೆಯ ಪ್ರಕಾರ ಪರವಾನಗಿ ಪಡೆಯಲು ಕನಿಷ್ಠ 50 ವಾಹನಗಳಿರಬೇಕು. ಮೂರು-ನಾಲ್ಕು ಹಳೆಯ ಕಾರುಗಳನ್ನು ಮಾತ್ರ ಇಟ್ಟುಕೊಂಡ ಗೃಹಸ್ಥನಿಗೆ ಇದು ನಿಲುಕದ ಮಾತು.

ಪರಂಪರೆಯ ರಕ್ಷಣೆ ಮತ್ತು ಕಸುಬುದಾರನ ಜೀವನೋಪಾಯ, ಎರಡೂ ಮುಖ್ಯ. ಮಿತಿಯಿಲ್ಲದ ಬಾಡಿಗೆಯಿಂದ ಅಪರೂಪದ ವಾಹನ ಸವೆದುಹೋಗಬಹುದು. ಹಳೆಯ ಬ್ರೇಕುಗಳ ಕಾರು ಇಂದಿನ ದಟ್ಟಣೆಯಲ್ಲಿ ಪ್ರಯಾಣಿಕರಿಗೆ ಅಪಾಯ ತರಬಹುದು. ನಿರ್ಬಂಧಕ್ಕೆ ಈ ದೃಷ್ಟಿಯಿಂದ ಅರ್ಥವಿದೆ. ಅದೇ ವೇಳೆಗೆ ಆದಾಯವೇ ಇಲ್ಲದ ವಾಹನವನ್ನು ಸಾಮಾನ್ಯ ಮಾಲೀಕ ಎಷ್ಟು ಕಾಲ ಕಾಪಾಡಬಲ್ಲ ಎಂಬ ಪ್ರಶ್ನೆಯೂ ಉಳಿಯುತ್ತದೆ. ದಿನಗಳ ಮಿತಿ, ವೇಗದ ಮಿತಿ ಮತ್ತು ಕಡ್ಡಾಯ ತಪಾಸಣೆಗೆ ಒಳಪಟ್ಟು ಚಿತ್ರೀಕರಣ ಹಾಗೂ ಸಮಾರಂಭಗಳಿಗೆ ಅನುಮತಿ ನೀಡುವುದು ಇವೆರಡರ ನಡುವಿನ ಒಂದು ದಾರಿಯಾಗಬಲ್ಲದು.

ಪದ್ಮಿನಿ ಕಲಿಸುವ ಪಾಠ

ಉಳಿಸಿಕೊಳ್ಳುವ ವ್ಯವಸ್ಥೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಪ್ರೀಮಿಯರ್ ಪದ್ಮಿನಿಯೇ ನಿದರ್ಶನ. 1964ರಲ್ಲಿ ಫಿಯೆಟ್ 1100 ಡಿಲೈಟ್ ಎಂಬ ಹೆಸರಿನಲ್ಲಿ ಬಂದ ಈ ಕಾರು 1974ರಲ್ಲಿ ಪದ್ಮಿನಿ ಎಂಬ ಹೆಸರು ಪಡೆಯಿತು. ಕಪ್ಪು-ಹಳದಿ ಬಣ್ಣದ ಪದ್ಮಿನಿ ಟ್ಯಾಕ್ಸಿ ಹಲವು ದಶಕಗಳ ಕಾಲ ಮುಂಬಯಿಯ ಚಿಹ್ನೆಯೇ ಆಗಿತ್ತು. ಕೆಲಸ ಅರಸಿ ಕರಾವಳಿಯಿಂದಲೂ ಉತ್ತರ ಕರ್ನಾಟಕದಿಂದಲೂ ಬಂದ ಅಸಂಖ್ಯ ಕನ್ನಡಿಗರು ಬಸ್ಸಿನಿಂದಲೋ ರೈಲಿನಿಂದಲೋ ಇಳಿದು ಮೊದಲು ಕಂಡ ವಾಹನ ಇದು. ನಗರದ ಕೊನೆಯ ಪದ್ಮಿನಿ ಟ್ಯಾಕ್ಸಿ 2003ರ ಅಕ್ಟೋಬರ್ 29ರಂದು ತಾಡದೇವ್ ಸಾರಿಗೆ ಕಚೇರಿಯಲ್ಲಿ ನೋಂದಣಿಯಾಯಿತು. ಟ್ಯಾಕ್ಸಿಗಳಿಗೆ ವಿಧಿಸಿದ 20 ವರ್ಷಗಳ ವಯೋಮಿತಿ ಮುಗಿದು, 2023ರ ಅಕ್ಟೋಬರ್ 30ರಿಂದ ಪದ್ಮಿನಿ ಟ್ಯಾಕ್ಸಿಗಳ ಯುಗ ಮುಕ್ತಾಯವಾಯಿತು. ಕನಿಷ್ಠ ಒಂದನ್ನಾದರೂ ರಸ್ತೆಯಲ್ಲಿಯೋ ವಸ್ತುಸಂಗ್ರಹಾಲಯದಲ್ಲಿಯೋ ಉಳಿಸಬೇಕೆಂಬ ಬೇಡಿಕೆ ಕೇಳಿಬಂದಿತ್ತು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ, 1937ರಿಂದ ಓಡುತ್ತಿದ್ದ ಬೆಸ್ಟ್ ಸಂಸ್ಥೆಯ ಹಳೆಯ ಮಾದರಿಯ ಕೆಂಪು ಡಬಲ್ ಡೆಕ್ಕರ್ ಬಸ್ಸುಗಳೂ ಸೇವೆಯಿಂದ ನಿವೃತ್ತವಾದವು.

ಹಳೆಯದನ್ನು ಹೊಸ ರೀತಿಯಲ್ಲಿ ಉಳಿಸಿಕೊಂಡ ಉದಾಹರಣೆಯೂ ಇದೇ ನಗರದಲ್ಲಿದೆ. ಕುದುರೆ ಎಳೆಯುವ ವಿಕ್ಟೋರಿಯಾ ಗಾಡಿಗಳ ಮೋಜಿನ ಸವಾರಿ ಕಾನೂನುಬಾಹಿರವೆಂದು ಮುಂಬಯಿ ಉಚ್ಚ ನ್ಯಾಯಾಲಯವು 2015ರಲ್ಲಿ ತೀರ್ಪಿತ್ತಿತು. ಪ್ರಾಣಿಗಳ ಹಿತ ಅದರ ಹಿನ್ನೆಲೆಯಾಗಿತ್ತು. ಬಳಿಕ 2021ರಲ್ಲಿ ಅದೇ ಆಕಾರದ, ಬ್ಯಾಟರಿಯಿಂದ ಓಡುವ ವಿಕ್ಟೋರಿಯಾಗಳು ದಕ್ಷಿಣ ಮುಂಬಯಿಯಲ್ಲಿ ಪ್ರವಾಸಿಗರಿಗಾಗಿ ಆರಂಭವಾದವು.

ಇತರೆಡೆಯ ಅನುಭವ

ಹಳೆಯ ವಾಹನಗಳ ಉದ್ಯಮವನ್ನು ಲೆಕ್ಕಕ್ಕೆ ತಂದುಕೊಂಡ ದೇಶಗಳಲ್ಲಿ ಬ್ರಿಟನ್ ಮುಖ್ಯವಾದುದು. ಅಲ್ಲಿನ ಐತಿಹಾಸಿಕ ವಾಹನ ಸಂಘಗಳ ಒಕ್ಕೂಟವು 2020ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಈ ಕ್ಷೇತ್ರದಿಂದ ಆ ದೇಶದ ಅರ್ಥವ್ಯವಸ್ಥೆಗೆ ಸಲ್ಲುವ ವಾರ್ಷಿಕ ಮೊತ್ತ 720 ಕೋಟಿ ಪೌಂಡುಗಳು. ದುರಸ್ತಿ, ಬಿಡಿಭಾಗ, ವಿಮೆ, ಮೇಳಗಳು, ಹೋಟೆಲು ವಾಸ ಎಲ್ಲವೂ ಇದರಲ್ಲಿ ಸೇರಿವೆ. ಲೆಕ್ಕವಿದ್ದಾಗ ಮಾತ್ರ ನೀತಿ ರೂಪಿಸಲು ಸಾಧ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಕರ್ನಾಟಕದಲ್ಲಿ ಬೇರೊಂದು ಮಾದರಿ ಕಾಣಸಿಗುತ್ತದೆ. ಧರ್ಮಸ್ಥಳದಲ್ಲಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರು ಬೆಳೆಸಿದ ಹಳೆಯ ಕಾರುಗಳ ಸಂಗ್ರಹ ಯಾತ್ರಿಕರಿಗೆ ಪರಿಚಿತವಾದುದು. ಶ್ರೀರಂಗಪಟ್ಟಣದ ಬಳಿ 2023ರಲ್ಲಿ ಆರಂಭವಾದ 'ಪಯಣ' ವಸ್ತುಸಂಗ್ರಹಾಲಯವೂ ಅವರದೇ ಆಸಕ್ತಿಯ ಫಲ. ಇಲ್ಲಿ ವಾಹನವನ್ನು ಬಾಡಿಗೆಗೆ ಬಿಡುವ ಅಗತ್ಯವಿಲ್ಲ. ನೋಡಲು ಬರುವ ಜನರೇ ಅದರ ನಿರ್ವಹಣೆಗೆ ನೆರವಾಗುತ್ತಾರೆ. ಸ್ಥಳದ ಬೆಲೆ ಗಗನಕ್ಕೇರಿರುವ ಮುಂಬಯಿಯಲ್ಲಿ ಇಂಥ ವಸ್ತುಸಂಗ್ರಹಾಲಯ ಸುಲಭಸಾಧ್ಯವಲ್ಲ. ಮುಂಬಯಿಯ ಪ್ರಸಿದ್ಧ ಸಂಗ್ರಾಹಕರಾಗಿದ್ದ ಪ್ರಾಣಲಾಲ್ ಭೋಗಿಲಾಲ್ ಅವರ ಸಂಗ್ರಹಕ್ಕೆ ನೆಲೆ ದೊರೆತದ್ದೂ ಅಹಮದಾಬಾದಿನ ಹೊರವಲಯದಲ್ಲಿ. ಆದ್ದರಿಂದ ಮುಂಬಯಿಯ ಮಟ್ಟಿಗೆ ಬಳಕೆಯಲ್ಲಿರುವ ವಾಹನವೇ ಉಳಿಯುವ ವಾಹನ.

ಉಪಸಂಹಾರ

ಹಳೆಯ ವಾಹನವೊಂದರ ನಿಜವಾದ ಬೆಲೆ ಹರಾಜಿನಲ್ಲಿ ಕೂಗುವ ಮೊತ್ತದಿಂದ ತಿಳಿಯುವುದಿಲ್ಲ. ಅದರ ಸುತ್ತ ನೆರೆದ ಕಸುಬುಗಳೇ ಅದರ ಬೆಲೆ. ತಗಡನ್ನು ಕೈಯಿಂದ ತಿದ್ದಬಲ್ಲ ಮೇಸ್ತ್ರಿಗೆ ವಯಸ್ಸಾಗುತ್ತಿದೆ. ಅವನ ಬಳಿ ಕಲಿಯಲು ಬರುವ ಹುಡುಗನಿಗೆ ನಾಳೆಯ ಕೂಲಿಯ ಭರವಸೆ ಬೇಕು. ಕೈಗಾರಿಕಾ ತರಬೇತಿ ಕೇಂದ್ರಗಳಲ್ಲಿ ಪುರಾತನ ವಾಹನಗಳ ದುರಸ್ತಿಯನ್ನು ಒಂದು ವಿಷಯವಾಗಿ ಕಲಿಸುವುದು, ಹಳೆಯ ಕಾಗದಪತ್ರಗಳನ್ನು ಕ್ರಮಬದ್ಧಗೊಳಿಸಲು ನೆರವಾಗುವುದು, ಬಾಡಿಗೆಗೆ ಸುರಕ್ಷಿತವಾದ ನಿಯಮಗಳನ್ನು ರೂಪಿಸುವುದು, ಇವು ಆ ಭರವಸೆಯನ್ನು ಮೂಡಿಸಬಲ್ಲ ಕ್ರಮಗಳು. ಮಾಲೀಕರೂ ನೋಂದಣಿ, ವಿಮೆ ಮತ್ತು ಪರವಾನಗಿಯ ವಿಷಯದಲ್ಲಿ ಕಾನೂನನ್ನು ಅರಿತು ನಡೆದುಕೊಳ್ಳುವುದು ಅವರ ಹಿತಕ್ಕೇ ಅಗತ್ಯ. ಪದ್ಮಿನಿ ಟ್ಯಾಕ್ಸಿಯನ್ನು ಮುಂಬಯಿಯ ಬೀದಿಗಳಿಗೆ ಮರಳಿ ತರಲಾಗದು. ಅದನ್ನು ಬಿಚ್ಚಿ ಜೋಡಿಸಬಲ್ಲ ಕೈಗಳು ನಗರದಲ್ಲಿ ಇಂದಿಗೂ ಇವೆ. ಅವು ಇರುವಾಗಲೇ ಅವುಗಳಿಗೆ ಕೆಲಸ ಒದಗಿಸುವುದು ವಿವೇಕ.